ಉಪ್ಪುಗುಂಡಿಯ ಗೊರಸಿನ ಗುರುತು

೧೯೬೧ನೇ ಇಸವಿ ಫೆಬ್ರವರಿ ೧೮, ಶನಿವಾರ. ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಸಂಪಾಜೆ ಕಡೆಯಿಂದ ಇಳಿದು ಬಂದ ಮರದ ಲಾರಿಯೊಂದು ಘಾಟಿ ಬುಡದ ಸಣ್ಣ ಪೊಲೀಸ್ ಠಾಣೆಯ ಮುಂದೆ ನಿಂತಿತು. ಅದರಿಂದ ಇಳಿದವನು ಬಾಳೆಕಜೆ ಶಿಕಾರಿ ಕ್ಯಾಂಪಿನ ಅಡುಗೆಯವ ಡೊಂಬಯ್ಯ. ಒಳಗೆ ಬಂದವನೇ ಬೆಂಚಿನ ಮೇಲೆ ಕುಸಿದು ಕೂತ.

"ನಮ್ಮ ಧನಿಗಳನ್ನು ಕಾಟಿ ತಿವಿದು ಹಾಕಿದೆ ಸಾರ್."

ಸಬ್ ಇನ್‌ಸ್ಪೆಕ್ಟರ್ ತಿರುಮಲೇಶ್ವರ ಪೆನ್ನು ಕೆಳಗಿಟ್ಟ. "ಯಾರು? ಕೃಷ್ಣಮೋಹನರನ್ನಾ?"

"ಹೌದು ಸಾರ್. ನಿನ್ನೆ ಸಂಜೆ ಐದು ಗಂಟೆಗೆ ಉಪ್ಪುಗುಂಡಿ ನೋಡಿ ಬರ್ತೇನೆ ಅಂತ ಹೋದವರು. ಬರ್ಲೇ ಇಲ್ಲ. ಬೆಳಿಗ್ಗೆ ಜತ್ತಪ್ಪ ಹೋಗಿ ನೋಡಿದ್ದು."

ಪುತ್ತೂರಿನ ದರ್ಬೆಯ ಕೃಷ್ಣಮೋಹನ ಐದು ವರ್ಷದಿಂದ ಆ ಕಾಡಿನ ಅಂಚಿನಲ್ಲಿ ಕ್ಯಾಂಪು ನಡೆಸುತ್ತಿದ್ದ. ಬೊಂಬಾಯಿ, ಮದ್ರಾಸುಗಳಿಂದ ಅತಿಥಿಗಳು ಬರುತ್ತಿದ್ದರು. ಕೆಲವರು ಲೈಸೆನ್ಸು ಹಿಡಿದು ಬೇಟೆಗೆ, ಇನ್ನು ಕೆಲವರು ಕ್ಯಾಮರಾ ಹಿಡಿದು ನೋಡುವುದಕ್ಕೆ. ಉಪ್ಪುಗುಂಡಿ ಎಂದು ಕರೆಯುವ ಹೊಳೆ ಬದಿಯ ಕೆಸರಿನಲ್ಲಿ ಉಪ್ಪು ಹಾಕಿಟ್ಟರೆ ಅದನ್ನು ನೆಕ್ಕಲು ಕಾಡುಕೋಣಗಳು ಬರುತ್ತಿದ್ದವು. ಕಾಟಿ ಎಂದು ಊರವರು ಕರೆಯುವ ಆ ಪ್ರಾಣಿಯನ್ನು ಮರದ ಮೇಲಿನ ಅಟ್ಟಳಿಗೆಯಲ್ಲಿ ಕೂತು ನೋಡಬಹುದಿತ್ತು. ಜಾಡು ಹಿಡಿದು ಅತಿಥಿಗಳನ್ನು ಕರೆದೊಯ್ಯುವವನು ಜತ್ತಪ್ಪ.

ಅಸಹಜ ಮರಣವೆಂದು ದಾಖಲು ಮಾಡಿ ತಿರುಮಲೇಶ್ವರ ಟೋಪಿ ಕೈಗೆತ್ತಿಕೊಂಡ. ಹೆಡ್ ಕಾನ್‌ಸ್ಟೇಬಲ್ ಧರ್ಮಪಾಲ ಕಾಗದದ ಕಟ್ಟು ಹಿಡಿದು ಹಿಂದೆ ಬಂದ.

"ಹೋದ ಸಲದ ಹಾಗೆ ಕ್ಯಾಂಪಿನ ಜಗಲಿಯಲ್ಲೇ ಕೂತು ಪಂಚನಾಮೆ ಬರೆಯುದಲ್ವಾ ಸಾರ್? ಉಪ್ಪುಗುಂಡಿಗೆ ಎರಡು ಮೈಲಿ ನಡೆಯುದುಂಟು."

"ಬೇಡ. ಇವರು ದರ್ಬೆಯ ದೊಡ್ಡ ಜನ. ನಾಳೆ ಸರ್ಕಲ್ ಸಾಹೇಬರು ಪ್ರಶ್ನೆ ಕೇಳ್ತಾರೆ. ಸ್ಥಳಕ್ಕೇ ಹೋಗುವ."

ಹಾಗೆ ಹೇಳಿದ ಮೇಲೆ ಜೀಪಿನಲ್ಲಿ ಕೂತಾಗ ಅವನಿಗೆ ಆ ಹೋದ ಸಲದ್ದು ನೆನಪಾಯಿತು. ಡಿಸೆಂಬರ್ ೩. ಸತ್ತವಳು ಜತ್ತಪ್ಪನ ಹೆಂಡತಿ ಪ್ರೇಮಾವತಿ. ಸೀಗೆಕಾಯಿ ಕೊಯ್ಯಲು ಹೋದವಳನ್ನು ಕಾಟಿ ತಿವಿದಿದೆ, ಆ ಕೋಣ ಇನ್ನೂ ಅಲ್ಲೇ ಸುಳಿಯುತ್ತಿದೆ, ಸ್ಥಳಕ್ಕೆ ಹೋಗುವುದು ಅಪಾಯ ಎಂದು ಕೃಷ್ಣಮೋಹನ ಕಾಫಿ ಕೊಟ್ಟು ಜಗಲಿಯಲ್ಲಿ ಕೂರಿಸಿದ್ದ. ಹೆಣಕ್ಕೆ ಕಂಬಳಿ ಹೊದೆಸಿತ್ತು. ಹೆಂಗಸಿನ ಮೈ ಎಂದು ತಿರುಮಲೇಶ್ವರ ಅದನ್ನು ಪೂರ್ತಿ ಸರಿಸಿ ನೋಡದೆ, ಮರಣೋತ್ತರ ಪರೀಕ್ಷೆಗೂ ಕಳಿಸದೆ, ಕಾಟಿಯಿಂದಾದ ಸಾವೆಂದು ಬರೆದು ಸಹಿ ಹಾಕಿದ್ದ. ಜತ್ತಪ್ಪ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದಿದ್ದ. "ದುಃಖದಲ್ಲಿದ್ದಿ ಮಾರಾಯ, ಹೋಗಿ ಕೂತ್ಕೋ," ಎಂದು ಇವನೇ ಕಳಿಸಿದ್ದ.

ಹತ್ತೂ ಮುಕ್ಕಾಲಕ್ಕೆ ಉಪ್ಪುಗುಂಡಿ ಮುಟ್ಟಿದರು. ಜೊತೆಗೆ ಕಾಡಿನ ಗಾರ್ಡು ಬೋಜಪ್ಪ ಇದ್ದ. ಕೃಷ್ಣಮೋಹನ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದ. ಹೊಟ್ಟೆಯಲ್ಲಿ ಆಳವಾದ ಗಾಯ, ಅಂಗಿಯ ಮೇಲೆ ನೊಣ. ಸುತ್ತ ನಾಲ್ಕು ಮಾರು ಜಾಗದಲ್ಲಿ ಗೊರಸಿನ ಗುರುತುಗಳು ಒತ್ತೊತ್ತಾಗಿ ಮೂಡಿದ್ದವು. ಜತ್ತಪ್ಪ ದೂರದಲ್ಲಿ ಮರಕ್ಕೆ ಒರಗಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಏಳಲಿಲ್ಲ.

ಬೋಜಪ್ಪ ಬಗ್ಗಿ ಗುರುತುಗಳನ್ನು ನೋಡುತ್ತ ಒಂದು ಸುತ್ತು ಬಂದ. ಮತ್ತೊಂದು ಸುತ್ತು ಬಂದ. ಆಮೇಲೆ ತಿರುಮಲೇಶ್ವರನನ್ನು ಮೆಲ್ಲಗೆ ಕರೆದ.

"ಸಾರ್, ಇಲ್ಲಿ ನೋಡಿ. ಗೊರಸಿನ ಒಳಬದಿ ಸಣ್ಣ ಚೂರು ಎದ್ದು ಹೋಗಿದೆ. ಕಾಣ್ತದಾ?"

"ಕಾಣ್ತದೆ."

"ಅಲ್ಲಿಯೂ ಹಾಗೇ. ಅಲ್ಲಿಯೂ. ಎಲ್ಲ ಒಂದೇ ಕಾಲು ಸಾರ್, ಎಡದ ಮುಂಗಾಲು. ಮತ್ತೆ ಮೂರು ಕಾಲು ಎಲ್ಲಿಗೆ ಹೋಯ್ತು? ಈ ಕೆಸರಿನಲ್ಲಿ ಕಾಟಿ ನಿಂತರೆ ಒಂದು ಗೇಣು ಇಳಿಯುದು. ಇದು ಎರಡು ಬೆರಳೂ ಇಳಿದಿಲ್ಲ."

ತಿರುಮಲೇಶ್ವರ ಗುರುತಿನಿಂದ ಗುರುತಿಗೆ ನಡೆದು ತಾನೇ ಇಪ್ಪತ್ತಾರನ್ನು ನೋಡಿದ. ಎಲ್ಲದರಲ್ಲೂ ಅದೇ ಮುಕ್ಕು. ಸ್ಥಳದ ನಕ್ಷೆ ಬರೆದು, ಇಬ್ಬರು ಪಂಚರ ಸಹಿ ಹಾಕಿಸಿ, ಹೆಣವನ್ನು ಪುತ್ತೂರಿಗೆ ಸಾಗಿಸಿದ.

ಮಧ್ಯಾಹ್ನ ಮೂರೂವರೆಗೆ ಮರಣೋತ್ತರ ಪರೀಕ್ಷೆ ಮುಗಿಯಿತು. ಡಾಕ್ಟರ್ ಕೌಸಲ್ಯಾ ಕೈ ತೊಳೆಯುತ್ತ ಹೇಳಿದರು: "ಕೊಂಬು ಬಾಗಿರ್ತದೆ, ಮೇಲಕ್ಕೆ ಸೀಳ್ತದೆ. ಇದು ನೆಟ್ಟಗೆ ಒಳಗೆ ಹೋಗಿದೆ, ಎರಡೂ ಅಂಚು ಹರಿತ. ತಲೆಯ ಹಿಂದೆ ಮೊದಲು ಪೆಟ್ಟು ಬಿದ್ದಿದೆ. ಈಟಿ ಇರ್ಬೇಕು."

ಸಂಜೆ ಐದಕ್ಕೆ ಕಲಂ ೩೦೨ರ ಕೆಳಗೆ ಎಫ್‌ಐಆರ್ ಆಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ತಿರುಮಲೇಶ್ವರ ಕ್ಯಾಂಪಿನ ಊಟದ ಕೋಣೆಯಲ್ಲಿದ್ದ. ಗೋಡೆಯ ಮೇಲೆ ಭಾರೀ ಕಾಟಿಯ ತಲೆ. ಅದರ ಕೆಳಗೆ ಇಂಗ್ಲಿಷಿನ ಹಲಗೆ: ಹೆಂಗಸನ್ನು ಕೊಂದ ಕೋಣ, ಡಿಸೆಂಬರ್ ೧೯೬೦. ಹಲಗೆಯ ಕೆಳಗಿನ ಸಣ್ಣ ಮೇಜಿನ ಮೇಲೆ ಅದೇ ಪ್ರಾಣಿಯ ಕಾಲೊಂದನ್ನು ಕತ್ತರಿಸಿ, ಹದ ಮಾಡಿ, ಮೇಲೆ ಹಿತ್ತಾಳೆಯ ಬಟ್ಟಲು ಕೂರಿಸಿದ್ದರು. ಅತಿಥಿಗಳು ಸಿಗರೇಟಿನ ಬೂದಿ ಕೊಡಹುವುದು ಅದರಲ್ಲಿ. ತಿರುಮಲೇಶ್ವರ ಅದನ್ನು ತಿರುಗಿಸಿ ಹಿಡಿದ. ಗೊರಸಿನ ಒಳಬದಿ ಮುಕ್ಕಾಗಿತ್ತು. ಸೀಳಿನಲ್ಲಿ ಕೆಸರು ಒಣಗಿ ಕೂತಿತ್ತು.

ಕಾಲನ್ನು ಪಂಚರ ಎದುರು ವಶಪಡಿಸಿಕೊಂಡು ಡೊಂಬಯ್ಯನನ್ನು ಕರೆದ.

"ಈ ಕೋಣವನ್ನು ಹೊಡೆದದ್ದು ಯಾರು?"

"ಬೊಂಬಾಯಿಯ ಒಬ್ಬ ಸಾಹೇಬರು. ಪ್ರೇಮಕ್ಕ ಸತ್ತ ನಾಲ್ಕನೇ ದಿನ. ಜಾಡು ತೋರಿಸಿದ್ದು ಜತ್ತಪ್ಪನೇ. ಧನಿಗಳು ಹೇಳಿದ್ರೆ ಇಲ್ಲ ಅನ್ನುದು ಹೇಗೆ?"

"ಪ್ರೇಮಾವತಿ ಸತ್ತ ದಿನ ಆ ಸಾಹೇಬರು ಎಲ್ಲಿದ್ದರು?"

ಡೊಂಬಯ್ಯ ಕಾಲಿನ ಬೆರಳು ನೋಡುತ್ತ ನಿಂತ. "ಬೇಟೆಗೆ ಹೋಗಿದ್ರು. ಒಂದು ಗುಂಡಿನ ಶಬ್ದ ಕೇಳಿತ್ತು ಸಾರ್. ನನ್ನನ್ನು ಯಾರೂ ಕೇಳ್ಲಿಲ್ಲ."

ಕ್ಯಾಂಪಿನಲ್ಲಿ ಉಳಿದಿದ್ದ ಅತಿಥಿಗಳು ಮದ್ರಾಸಿನ ಒಬ್ಬ ವಕೀಲ ಮತ್ತು ಅವನ ಹೆಂಡತಿ. ಆಕೆ ಅಳುಕುತ್ತಲೇ ಹೇಳಿಕೆ ಕೊಟ್ಟಳು. ಶುಕ್ರವಾರ ಊಟದ ಹೊತ್ತಿಗೆ ಕೃಷ್ಣಮೋಹನ ಜತ್ತಪ್ಪನನ್ನು ಆ ತಲೆಯ ಕೆಳಗೆ ನಿಲ್ಲಿಸಿ, ಕೋಣ ಅವನ ಹೆಂಡತಿಯನ್ನು ಹೇಗೆ ಕೊಂದಿತೆಂದು ಹೇಳಿಸಿದ್ದ. ತಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದ. ಆಗ ಆಕೆಯ ಕ್ಯಾಮರಾದ ರೀಲು ಮುಗಿದಿತ್ತು. ಹೊಸದನ್ನು ಹಾಕಿಕೊಂಡ ಮೇಲೆ ಕೃಷ್ಣಮೋಹನ ಜತ್ತಪ್ಪನಿಗೆ ಇನ್ನೊಮ್ಮೆ ಮೊದಲಿನಿಂದ ಹೇಳೆಂದ.

"ಹೇಳಿದನೇ?" ತಿರುಮಲೇಶ್ವರ ಕೇಳಿದ.

ಹೇಳಿದ, ಎಂದಳು ಆಕೆ. ನಡುವೆ ನಿಂತುಬಿಟ್ಟ. ಕೃಷ್ಣಮೋಹನ ನಕ್ಕು ಬೆನ್ನು ತಟ್ಟಿದ ಮೇಲೆ ಮುಗಿಸಿದ.

ಹನ್ನೊಂದೂವರೆಗೆ ತಿರುಮಲೇಶ್ವರ ಜತ್ತಪ್ಪನ ಗುಡಿಸಲಿಗೆ ಹೋದ. ನಲವತ್ತು ದಾಟಿದ ಒಣಕಲು ಮನುಷ್ಯ, ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಕತ್ತಿ ಕೆಳಗಿಟ್ಟು ಎದ್ದು ನಿಂತ.

"ನಿನ್ನ ಈಟಿ ಎಲ್ಲುಂಟು?"

"ಹೊಳೆಯಲ್ಲಿ. ದೊಡ್ಡ ಬಂಡೆಯ ಕೆಳಗೆ."

"ನೀನೇ ಮಾಡಿದ್ದಾ?"

"ಹೌದು."

"ಒಬ್ಬನೇ?"

"ಒಬ್ಬನೇ. ಕಾಟಿ ಇಳಿದಿದೆ ಅಂತ ಕರೆದೆ, ಧನಿಗಳು ಬಂದ್ರು."

"ಆ ಕಾಲನ್ನು ಯಾಕೆ ಕೊಂಡುಹೋದಿ?"

ಜತ್ತಪ್ಪ ಮೊದಲ ಸಲ ಅವನ ಮುಖ ನೋಡಿದ. "ಪ್ರೇಮ ಬಿದ್ದಲ್ಲಿ ನಾನು ಹುಡುಕಿದ್ದೇನೆ ಸಾರ್. ಒಂದು ಗೊರಸಿನ ಗುರುತೂ ಇರ್ಲಿಲ್ಲ. ಎದೆಯಲ್ಲಿ ಸಣ್ಣ ತೂತು ಇತ್ತು, ಅಷ್ಟೇ. ಅದನ್ನೇ ಹೇಳ್ಲಿಕ್ಕೆ ನಿಮ್ಮ ಹತ್ರ ಬಂದದ್ದು. ಗುರುತೇ ಇಲ್ಲದ್ದಕ್ಕೆ ಕಾಟಿ ಅಂತ ಬರೆದ್ರಿ. ಗುರುತು ಹಾಕಿಟ್ರೆ ಬರೆಯದೆ ಇರ್ತೀರಾ?"

ಧರ್ಮಪಾಲ ಗದರಲು ಹೊರಟ. ತಿರುಮಲೇಶ್ವರ ಕೈ ಅಡ್ಡ ಹಿಡಿದ.

"ಒಂದೇ ಕಾಲಿನ ಗುರುತು. ನೋಡಿದವರಿಗೆ ಗೊತ್ತಾಗ್ತದೆ ಅಂತ ನಿನಗೆ ತಿಳಿದಿರ್ಲಿಲ್ವಾ?"

"ತಿಳಿದಿತ್ತು. ನೀವು ನೋಡ್ಲಿಕ್ಕೆ ಬರ್ತೀರಿ ಅಂತ ತಿಳಿದಿರ್ಲಿಲ್ಲ."

ಹಲಗೆ, ತಲೆ, ಊಟದ ಹೊತ್ತಿನ ಕತೆ, ಎಲ್ಲವೂ ನಿಂತದ್ದು ತಾನು ಸಹಿ ಹಾಕಿದ ಆ ಒಂದು ಹಾಳೆಯ ಮೇಲೆ ಎಂದು ತಿರುಮಲೇಶ್ವರನಿಗೆ ಹೊಳೆಯಿತು.

"ಹನ್ನೊಂದು ಸಲ ಹೇಳಿಸಿದ್ರು," ಎಂದ ಜತ್ತಪ್ಪ, ಕೇಳದಿದ್ದರೂ. "ಬಂದವರಿಗೆಲ್ಲ. ಸುಳ್ಳು ಅಂತ ಧನಿಗಳಿಗೆ ಗೊತ್ತು, ನನಗೂ ಗೊತ್ತು. ಹೇಳಿ ಹೇಳಿ, ಈಗ ಅವಳನ್ನು ನೆನೆಸಿದ್ರೆ ಆ ಕೋಣವೇ ಕಣ್ಣಿಗೆ ಬರ್ತದೆ. ಮುಖ ಬರುದಿಲ್ಲ."

ದೊಡ್ಡ ಬಂಡೆಯ ಕೆಳಗೆ ಅವನೇ ತೋರಿಸಿದಲ್ಲಿ ಈಟಿ ಸಿಕ್ಕಿತು. ಒಂದು ಗಂಟೆ ಹತ್ತು ನಿಮಿಷಕ್ಕೆ ಪಂಚನಾಮೆ, ಒಂದೂವರೆಗೆ ದಸ್ತಗಿರಿ.

ಹಿಂದಿರುಗುವಾಗ ದಾರಿಯ ತಿರುವಿನಲ್ಲಿ ಜತ್ತಪ್ಪ ತಟ್ಟನೆ ನಿಂತು ಕೋಳ ತೊಡಿಸಿದ ಎರಡೂ ಕೈಗಳನ್ನು ಮೇಲೆತ್ತಿದ. "ಕೂತ್ಕೊಳ್ಳಿ," ಎಂದು ಉಸಿರಿನಲ್ಲೇ ಹೇಳಿದ. ಪೊಲೀಸರು ಕೂತರು. ಕಾಟಿಗಳ ಹಿಂಡೊಂದು ಬಿದಿರಿನಿಂದ ಹೊರಬಂದು, ಕರುಗಳನ್ನು ನಡುವೆ ಇಟ್ಟುಕೊಂಡು, ಯಾರನ್ನೂ ಲೆಕ್ಕಿಸದೆ ದಾರಿ ದಾಟಿತು. ಕೊನೆಯದು ಕಣ್ಮರೆಯಾದ ಮೇಲೆ ಜತ್ತಪ್ಪ ಕೈ ಇಳಿಸಿ ಮುಂದೆ ನಡೆದ.

ಆ ಸಂಜೆ ಠಾಣೆಯಲ್ಲಿ ತಿರುಮಲೇಶ್ವರ ಸರ್ಕಲ್ ಇನ್‌ಸ್ಪೆಕ್ಟರರಿಗೆ ಎರಡು ವರದಿ ಬರೆದ. ಎರಡನೆಯದನ್ನು ಓದಿ ಧರ್ಮಪಾಲ ಬೆವರು ಒರೆಸಿಕೊಂಡ.

"ಸಾರ್, ಡಿಸೆಂಬರಿನ ವಿಷಯ ಯಾರೂ ಕೇಳ್ಲಿಲ್ಲ. ಬರೆದ್ರೆ ನಿಮ್ಮ ಕೆಲಸಕ್ಕೇ ಕುತ್ತು ಬರ್ತದೆ."

"ಬರ್ಲಿ."

ಫೆಬ್ರವರಿ ೨೭ರ ಸೋಮವಾರ ತಹಶೀಲ್ದಾರರ ಎದುರು ಪ್ರೇಮಾವತಿಯನ್ನು ಹೂತ ಜಾಗ ಅಗೆಸಿದರು. ಗುರುತು ಹೇಳಲು ಜತ್ತಪ್ಪನನ್ನು ಕಾವಲಿನಲ್ಲಿ ತಂದಿದ್ದರು. ಪಕ್ಕೆಲುಬಿನ ನಡುವೆ ಸೀಸದ ಗುಂಡು ಸಿಕ್ಕಿತು. ಹೊಡೆದ ಬೊಂಬಾಯಿಯ ಅತಿಥಿ ಜನವರಿಯಲ್ಲೇ ಹಡಗು ಹತ್ತಿ ವಿಲಾಯತಿಗೆ ಹೋಗಿದ್ದ. ಅವನನ್ನು ತರಿಸುವುದು ಆಗುವ ಮಾತೇ ಎಂದು ಯಾರಿಗೂ ಗೊತ್ತಿರಲಿಲ್ಲ. ತಿರುಮಲೇಶ್ವರನ ಅಮಾನತಿನ ಆದೇಶ ದಾರಿಯಲ್ಲಿತ್ತು.

ಅವನು ಗುಂಡಿಯ ಅಂಚಿನಲ್ಲಿ ನಿಂತೇ ಪಂಚನಾಮೆ ಬರೆದ. ಬರೆದು ಗಟ್ಟಿಯಾಗಿ ಓದಿದ. ಪಂಚರು ಸಹಿ ಹಾಕಿದರು. ಓದುಬರಹ ಬಾರದ ಜತ್ತಪ್ಪ ಹಾಳೆಯನ್ನೇ ನೋಡುತ್ತಿದ್ದ.

"ಅವಳು ಎಂತದ್ರಿಂದ ಸತ್ತದ್ದು ಅಂತ ಬರೆದದ್ದು ಎಲ್ಲಿ ಸಾರ್?"

ತಿರುಮಲೇಶ್ವರ ಆ ಸಾಲಿನ ಮೇಲೆ ಬೆರಳಿಟ್ಟ.

"ಅದೊಂದು ಇನ್ನೊಮ್ಮೆ ಓದಿ."

"ಮೃತಳ ಎದೆಗೂಡಿನಲ್ಲಿ ಸಿಕ್ಕಿದ ಗುಂಡಿನಿಂದ ಮರಣ ಉಂಟಾದಂತೆ ಕಂಡುಬಂದಿದೆ."

ಜತ್ತಪ್ಪ ತಲೆಯಾಡಿಸಿದ. ಧರ್ಮಪಾಲ ಶಾಯಿಯ ಡಬ್ಬಿ ಮುಂದೆ ಹಿಡಿದ. ಜತ್ತಪ್ಪ ಹೆಬ್ಬೆರಳನ್ನು ಅದ್ದಿ, ಹಾಳೆಯ ಮೇಲೆ ಒತ್ತಿ, ಬಹಳ ಹೊತ್ತು ಎತ್ತಲೇ ಇಲ್ಲ.