ಆರು ಗಂಟೆಗೆ ನಿಲ್ಲದ ನೀರು

ಆರಕ್ಕೆ ನಿಲ್ಲಬೇಕಿದ್ದ ನೀರು ಅಂದು ನಿಲ್ಲಲಿಲ್ಲ. ಸಾನ್ ಅಬೆಲ್ ಊರಿನ ಗುಡ್ಡದ ಬೀದಿಗೆ ನೀರು ಬರುವುದೇ ಬೆಳಗಿನ ಐದರಿಂದ ಆರರವರೆಗೆ, ಅದೂ ಮೊಣಕಾಲೆತ್ತರದ ನಲ್ಲಿಯಲ್ಲಿ ಬೆರಳಿನಷ್ಟು ಸಣ್ಣಗೆ. ಬಕೆಟ್ಟಿಗೆ ಹಿಡಿದು, ಎತ್ತಿ ಎತ್ತಿ ಡ್ರಮ್ಮಿಗೆ ಸುರಿಯಬೇಕು. ಆರೂಕಾಲಾದರೂ ನೀರು ಹರಿಯುತ್ತಿದ್ದುದನ್ನು ಕಂಡು ಯಾರೋ ವಾಲ್ವ್ ಗುಂಡಿಯತ್ತ ಹೋದರು. ನೀರು ಬಿಡುವ ಮುದುಕ ಬೆರೊಂಗ್ ಗುಂಡಿಯೊಳಗೆ ತಲೆಕೆಳಗಾಗಿ ಬಿದ್ದಿದ್ದ. ಹಿಂದಲೆ ಒಡೆದಿತ್ತು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ ಕಾಣೆಯಾಗಿತ್ತು. ಬ್ರೆಡ್ಡು ಮಾರುವವನು ಐದಕ್ಕೆ ಅವನನ್ನು ಜೀವಂತವಾಗಿ ನೋಡಿದ್ದ.

ಪೊಲೀಸ್ ಕಾರ್ಪೊರಲ್ ದಾದೊ ಕೂಡಲೇ ಮನೆಮನೆ ಸುತ್ತಿದ. ಶುದ್ಧ ನೀರಿನ ಕ್ಯಾನ್ ಮಾರುವ ಗೋರ್ಯೊ ಕಾಫಿ ಕೊಟ್ಟ.

"ಐದರಿಂದ ನಲ್ಲಿ ಮುಂದೇನೇ ಇದ್ದೆ ಸಾರ್. ನೋಡಿ, ಡ್ರಮ್ಮು ತುಂಬಿದೆ."

ತಳದ ಗೆರೆಗಳು ಕಾಣುವಷ್ಟು ತಿಳಿಯಾಗಿತ್ತು ನೀರು. ಆ ಬೀದಿಯಲ್ಲಿ ತುಂಬಿದ ಡ್ರಮ್ಮಿಗಿಂತ ದೊಡ್ಡ ಸಾಕ್ಷಿ ಇರಲಿಲ್ಲ. ದಾದೊ ಬರೆದುಕೊಂಡು ಹೊರಟ.

ಏಳಕ್ಕೆಲ್ಲ ಅಂಬೊ ಎಂಬವನನ್ನು ಠಾಣೆಯಲ್ಲಿ ಕೂಡಿಹಾಕಿದ್ದರು. ಮನೆಗೆ ನೀರು ಸಾಲದೆಂದು ಅವನು ಹಿಂದಿನ ದಿನ, "ನಿನ್ನ ಇದೇ ಗುಂಡಿಗೆ ಹಾಕ್ತೀನಿ ನೋಡು" ಎಂದು ಬೆರೊಂಗ್‌ನ ಮೇಲೆ ಕೂಗಾಡಿದ್ದ. ಮಧ್ಯಾಹ್ನದ ವ್ಯಾನಿನಲ್ಲಿ ಅವನನ್ನು ಪ್ರಾಂತ್ಯದ ಜೈಲಿಗೆ ಸಾಗಿಸುವುದಿತ್ತು. ಅಲ್ಲಿಗೆ ಹೋದ ಬಡವರು ವಿಚಾರಣೆಗಾಗಿ ವರ್ಷಗಟ್ಟಲೆ ಕೊಳೆಯುತ್ತಿದ್ದರು.

ಅವನ ಹೆಂಡತಿ ಲೂರಿಂಗ್ ಓಡಿದ್ದು ಮೀಟರ್ ಓದುವ ಕೊನ್ಸಿಂಗ್ ಬಳಿಗೆ. ಊರಲ್ಲಿ ಕೋಳಿ ಕಳುವಾದರೂ ಹೆಣ ಬಿದ್ದರೂ ಜನ ಹುಡುಕುತ್ತಿದ್ದುದು ಅವಳನ್ನೇ. ದಾದೊ ಎಂದಿನಂತೆ ಅವಳ ಹಿಂದೆ ನಡೆದ.

"ಬೆಳಿಗ್ಗೆ ನೀನೆಲ್ಲಿದ್ದೆ?" ಕೊನ್ಸಿಂಗ್ ಕೇಳಿದಳು.

"ನಾಲ್ಕಕ್ಕೇ ಮೀನು ಮಾರೋಕೆ ಹೋಗ್ತೀನಿ, ಅಕ್ಕಾ. ಮನೇಲಿ ಅವ್ನೊಬ್ನೇ."

"ಡ್ರಮ್ಮು?"

"ತುಂಬಿದೆ. ಏನ್ ಬಂತು? ಕೆಂಪಗೆ ಕೆಸರು. ಅಕ್ಕಿ ತೊಳ್ಯೋಕೂ ಆಗಲ್ಲ."

ಕೊನ್ಸಿಂಗ್ ಬೆರಳದ್ದಿ ಉಜ್ಜಿ ನೋಡಿದಳು. ತುಕ್ಕು. ನಂತರ ಗುಂಡಿಗೆ ಹೋಗಿ ಬಗ್ಗಿದಳು. ಹೊಸ ಪೈಪಿನ ವಾಲ್ವ್ ಮುಚ್ಚಿತ್ತು. ಐದು ವರ್ಷದಿಂದ ಯಾರೂ ಮುಟ್ಟದ, ಬೀದಿಯ ಹಳೆಯ ಪೈಪಿನ ವಾಲ್ವ್ ತೆರೆದಿತ್ತು. ಮೀಟರ್ ಪುಸ್ತಕದಲ್ಲಿ ಗೋರ್ಯೊನ ಪುಟ ತೆಗೆದಳು, ಮುಚ್ಚಿದಳು.

"ಎಲ್ರನ್ನೂ ಗೋರ್ಯೊ ಅಂಗಳಕ್ಕೆ ಕರೆಸು. ಅಂಬೊನ್ನೂ."

ಹನ್ನೊಂದಕ್ಕೆ ಬೀದಿಯೆಲ್ಲ ನೆರೆಯಿತು. ಅಂಬೊನ ಕೈಗೆ ಬೇಡಿ ಇತ್ತು.

"ಇವತ್ತು ಯಾರ ಮನೇಲಾದ್ರೂ ತಿಳಿ ನೀರು ಬಂತಾ?" ಕೊನ್ಸಿಂಗ್ ಕೇಳಿದಳು.

"ಎಲ್ಲಿಂದ ಬರ್ಬೇಕು? ಕುದುರೆ ಉಚ್ಚೆ ಇದ್ದಂಗಿತ್ತು!" ಮುದುಕಿಯೊಬ್ಬಳು ಉಗಿದಳು.

ದಾದೊ ಗೋರ್ಯೊನ ಡ್ರಮ್ಮಿನತ್ತ ತಿರುಗಿದ. ಕೊನ್ಸಿಂಗ್ ಮುಂದುವರಿಸಿದಳು.

"ಹಳೇ ಪೈಪಿನ ನೀರು. ಅಂಬೊ ಮನೇಲಿ ಒಬ್ನೇ ಇದ್ದ. ಅವನ ಡ್ರಮ್ಮು ಬಾಯಿ ಮಟ್ಟ ಕೆಂಪಗಿದೆ. ಆರಕ್ಕೇ ತುಂಬಿತ್ತು ಅಂತ ಪಕ್ಕದ ಮನೆಯವ್ರು ಹೇಳ್ತಾರೆ. ಗಂಟೆ ಪೂರ್ತಿ ಬಕೆಟ್ ಎತ್ತದೆ ಅದು ತುಂಬಲ್ಲ. ಗೋರ್ಯೊ, ನಿನ್ನ ಡ್ರಮ್ಮಲ್ಲಿ ಮುಖ ನೋಡ್ಕೋಬಹುದು."

"ಅಂಗಡಿ ನೀರು ಸುರ್ಕೊಂಡೆ. ಅದೂ ತಪ್ಪಾ?"

"ಕಾರ್ಪೊರಲ್‌ಗೆ ನಲ್ಲಿ ನೀರು ಅಂದೆಯಲ್ಲ? ನಲ್ಲಿ ತಿರುಗ್ಸಿಯೂ ನೋಡ್ಲಿಲ್ಲ ನೀನು. ದಿನಾ ನೂರು ಕ್ಯಾನ್ ಮಾರ್ತೀಯ, ನಿನ್ನ ಮೀಟರು ಮಾತ್ರ ಒಂದು ಸಂಸಾರದಷ್ಟು ಓಡುತ್ತೆ. ಹೊಸ ಪೈಪಿಗೆ ಕಳ್ಳ ಕೊಳಾಯಿ ಹಾಕಿದೀಯ. ಅದನ್ನ ಹಿಡಿಯೋಕೆ ಬೆರೊಂಗ್ ಹೊಸ ಪೈಪು ಮುಚ್ಚಿ, ಬೀದಿಗೆ ಹಳೇದನ್ನ ಬಿಟ್ಟ. ಐದಕ್ಕೆ ನಿನ್ನ ಕಳ್ಳ ಕೊಳಾಯೀಲಿ ನೀರು ಬರ್ಲಿಲ್ಲ, ನೀನು ಗುಂಡಿಗೆ ಓಡಿದೆ. ಚಾವಿ ಕಿತ್ಕೊಂಡು ಹೊಡೆದೆ. ರಕ್ತ ಹತ್ತಿದ ಚಾವಿ ಬಿಟ್ಟು ಬರೋಕಾಗುತ್ತಾ? ದಾದೊ, ಅಂಗಡಿ ಟ್ಯಾಂಕ್ ಖಾಲಿ ಮಾಡ್ಸು. ಇವನು ಕದ್ದಿದ್ದನ್ನೆಲ್ಲ ಅಲ್ಲೇ ಇಡೋದು."

ಗೋರ್ಯೊ ಗೇಟಿನತ್ತ ನೋಡಿದ. ಅಲ್ಲಿ ಜನ ನಿಂತಿದ್ದರು. ಟ್ಯಾಂಕ್ ಬರಿದಾದಾಗ ತಳದಲ್ಲಿ ಚಾವಿ ಮಲಗಿತ್ತು. ಅಂಬೊನ ಬೇಡಿ ಗೋರ್ಯೊನ ಕೈ ಸೇರಿತು.

ಹೊರಗೆ ಬಂದಮೇಲೆ ದಾದೊ ಕೇಳಿದ, "ಗೋರ್ಯೊ ಮೀಟರಿನ ವಿಷಯ ಬೆರೊಂಗ್ ಅಜ್ಜಂಗೆ ಹೆಂಗೆ ಗೊತ್ತಾಯ್ತು?"

"ನಾನೇ ಹೇಳಿದ್ದು. ಮೊನ್ನೆ." ಅವಳು ಪುಸ್ತಕವನ್ನು ಚೀಲಕ್ಕೆ ತುರುಕಿದಳು. "ನಿಮ್ ಸ್ಟೇಶನ್ನಿಗೆ ಹೇಳ್ಬೇಕಿತ್ತು."

ಮರುದಿನ ಐದಕ್ಕೆ ಬೀದಿಯವರು ಬಕೆಟ್ ಹಿಡಿದು ಕಾದರು. ಹನಿಯೂ ಬರಲಿಲ್ಲ. ಐದೂವರೆಗೆ ನಲ್ಲಿಗಳು ಕೆಮ್ಮಿದವು. ತಿಳಿ ನೀರು ಬಂತು. ಗುಂಡಿಯ ಅಂಚಿನಲ್ಲಿ ಕೊನ್ಸಿಂಗ್, ಕಚೇರಿಯಿಂದ ತಂದ ಇನ್ನೊಂದು ಚಾವಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಆರಾಗುವುದನ್ನು ಕಾಯುತ್ತ ಕೂತಿದ್ದಳು.