ಕಾರಿನೊಳಗಿನ ಬೀಗದ ಕೈ ಸದ್ದು

ಅಪ್ಪ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದ. ಒಂದು ಸಲ. ಎರಡು ಸಲ. ಮೂರನೇ ಸಲಕ್ಕೆ ಕಾರು ಕೆಮ್ಮಿಕೊಂಡು ಎದ್ದಿತು. ಅದರ ಜೊತೆಗೆ ಆ ಸದ್ದೂ ಎದ್ದಿತು.

ಝಣ ಝಣ ಝಣ ಝಣ.

ಹುಣಿಸೆಮರದ ಕೆಳಗೆ ಹಲ್ಲುಜ್ಜುತ್ತಿದ್ದ ಕದಿರಿಯ ಕೈ ನಿಂತುಹೋಯಿತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಂಗಳದ ತುಂಬ ಮಂಜು. ಆ ಕಪ್ಪು ಕಾರಿನ ಎರಡು ದುಂಡು ದೀಪಗಳು ಮಾತ್ರ ಕಣ್ಣಿನ ಹಾಗೆ ಕಾಣುತ್ತಿದ್ದವು. ಯಾರೋ ಬೀಗದ ಕೈ ಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ ಮಂಜಿನೊಳಗಿಂದ ನಡೆದು ಬರುತ್ತಿದ್ದ ಹಾಗಿತ್ತು. ಬರುತ್ತಲೇ ಇದ್ದರು, ಬಂದು ಮುಟ್ಟುತ್ತಿರಲಿಲ್ಲ.

ಬೇಲಿಯ ಹತ್ತಿರ ಕೂತಿದ್ದ ಬೆಕ್ಕು ಎದ್ದು ಓಡಿತು.

ಅಪ್ಪ ಮಾತ್ರ ಬಾನೆಟ್ಟಿನೊಳಗೆ ಬಗ್ಗಿ, ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿಕೊಂಡು ನಿಂತ. ಆಮೇಲೆ ನಕ್ಕ.

"ನೋಡಮ್ಮ ಕದಿರಿ, ನೀರು ಹರ್ದಂಗೆ ಓಡ್ತೈತೆ. ಟಪ್ಪೆಟ್ ಸರಿ ಮಾಡ್ದೆ ನೋಡು, ಈಗ ಸದ್ದೇ ಇಲ್ಲ. ಭಾನುವಾರ ಮಂಚೇನಹಳ್ಳಿಗೆ ಬಿಟ್ಟು ಬರಣ. ನಿನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತೀನಿ, ಆಯ್ತಾ?"

ಕಾರು ಬಂದ ದಿನದಿಂದ ಕದಿರಿಗೆ ಆ ಮುಂದಿನ ಸೀಟಿನ ಮೇಲೆ ಆಸೆ. ಕೆಂಪು ರೆಕ್ಸಿನ್ ಸೀಟು, ಎದುರಿಗೆ ಅಗಲವಾದ ಗಾಜು. ಆದರೆ ಈಗ ಅವಳು ಹುಣಿಸೆಮರದ ಹಿಂದಕ್ಕೆ ಸರಿದಳು.

ಝಣ ಝಣ ಝಣ. ಸದ್ದು ಅಲ್ಲೇ ಇತ್ತು.

ಸ್ಕೂಲಿಗೆ ಹೊರಟಾಗ ಪಕ್ಕದ ಮನೆಯ ವೆಂಕಟೇಶ್ ಜೊತೆಯಾದ. ಅವನೂ ಐದನೇ ಕ್ಲಾಸು.

"ಇವತ್ತೂ ಬಂದಿದ್ದನಲ್ಲೇ ನಿಮ್ಮನೆಗೆ?"

"ಯಾರು?"

"ಇನ್ಯಾರು, ವೆಂಕಟರಾಯಪ್ಪ! ನಮ್ಮನೆಗೂ ಕೇಳ್ತು ಕಣೇ ಬೀಗದ ಕೈ ಸದ್ದು."

ಕಾರು ಮಂಚೇನಹಳ್ಳಿಯ ದೊಡ್ಡ ಜಮೀನುದಾರ ವೆಂಕಟರಾಯಪ್ಪನದು. ಅವನು ಸತ್ತು ವರ್ಷವಾಗಿತ್ತು. ಇಂಜಿನ್ನಿನಲ್ಲಿ ಏನೋ ಸದ್ದು ಬರುತ್ತದೆ, ನೋಡಿಕೊಡಿ ಅಂತ ಅವನ ಹೆಂಡತಿ ಲಕ್ಷ್ಮೀನರಸಮ್ಮ ಕಾರನ್ನು ಚಿಕ್ಕಬಳ್ಳಾಪುರಕ್ಕೆ, ಕದಿರಿಯ ಅಪ್ಪ, ಮೆಕ್ಯಾನಿಕ್ ಮುನಿಗಂಗಪ್ಪನ ಹತ್ತಿರ ಕಳಿಸಿದ್ದಳು. ತಂದ ಡ್ರೈವರ್ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಕೊಟ್ಟ ಕಾಫಿಯನ್ನೂ ಕುಡಿಯದೆ, ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಿದ್ದ.

ವೆಂಕಟೇಶನ ಅಜ್ಜಿ ಗಂಗುಲಮ್ಮ ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ಅವಳು ಹುಟ್ಟಿದ್ದು ಮಂಚೇನಹಳ್ಳಿ ಕಡೆ. ಚಿಕ್ಕವಳಿದ್ದಾಗ ಅದೇ ವೆಂಕಟರಾಯಪ್ಪನ ಹೊಲದಲ್ಲಿ ಕಳೆ ಕಿತ್ತವಳು.

"ಬಾ ತಲ್ಲಿ, ಬಾರಮ್ಮ ಇಲ್ಲಿ," ಅಂದಳು. "ಆವಯ್ಯ ಬದುವಿನ ಮೇಲೆ ಬರ್ತಾ ಇದ್ರೆ ಮೊದ್ಲು ಬರ್ತಿದ್ದಿದ್ದು ಬೀಗದ ಕೈ ಸದ್ದು, ಮನುಷ್ಯ ಆಮೇಲೆ. ಸದ್ದು ಕೇಳಿದ್ರೆ ಸಾಕು, ನಾವು ಬಗ್ಗಿದ ತಲೆ ಎತ್ತುತ್ತಿರಲಿಲ್ಲ. ಸತ್ತ ಮೇಲೆ ಮನೆಯೆಲ್ಲ ಹುಡುಕಿದ್ರಂತೆ, ಆ ಗೊಂಚಲು ಸಿಗಲೇ ಇಲ್ವಂತೆ. ನಿಮ್ಮಪ್ಪ ಏನಂತಾನೆ?"

"ಸದ್ದೇ ಇಲ್ಲ ಅಂತಾನೆ ಅಜ್ಜಿ."

ಸುಣ್ಣ ಸವರುತ್ತಿದ್ದ ಬೆರಳು ನಿಂತಿತು.

"ಇಲ್ಲ ಅಂದ್ನಾ? ಅವ್ನಿಗೆ ಕೇಳಿಸಲ್ವಾ?" ಗಂಗುಲಮ್ಮನ ದನಿ ಇಳಿಯಿತು. "ಯಾರನ್ನ ಕರ್ಕೊಂಡೋಗಕ್ಕೆ ಬಂದಿರ್ತದೋ ಅವರೊಬ್ಬರಿಗೆ ಕೇಳಿಸಲ್ಲ ಕಣಮ್ಮ."

"ಅಜ್ಜಿ, ನೀನು ಸುಮ್ನಿರು!" ಅಂತ ವೆಂಕಟೇಶ್ ಗದರಿದ. ಆದರೆ ದಾರಿಯುದ್ದಕ್ಕೂ ಅವನು ಕದಿರಿಯಿಂದ ಒಂದು ಮಾರು ದೂರವೇ ನಡೆದ.

ಅವತ್ತು ಮೇಷ್ಟ್ರು ಹದಿನಾರನೇ ಮಗ್ಗಿ ಕೇಳಿದರೆ ಕದಿರಿ ಎದ್ದು ನಿಂತು ಕಿಟಕಿ ನೋಡಿದಳು. ಎರಡು ಏಟು ಬಿತ್ತು. ನೋವೂ ಆಗಲಿಲ್ಲ.

ಸಂಜೆ ಅಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕದಿರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಮ್ಮ, ಆ ಕಾರಿನ ಸದ್ದು ನಿಂಗೆ ಕೇಳ್ಸುತ್ತಾ?"

"ಕೇಳ್ಸುತ್ತೆ."

"ಅಪ್ಪಂಗೆ?"

ಅಮ್ಮ ಬಾಗಿಲ ಕಡೆ ನೋಡಿದಳು. ಹಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿದ್ದರೂ ಮಗುಚಲಿಲ್ಲ.

"ಆ ಮಾತು ಅಪ್ಪನ ಹತ್ರ ಎತ್ತಬೇಡ. ಹೊರಗೆ ಯಾರ ಹತ್ರಾನೂ ಆಡಬೇಡ. ತಿಳೀತಾ?"

ಕದಿರಿ ಮೆಲ್ಲಗೆ ಎದ್ದಳು. ಅಮ್ಮನಿಗೂ ಗೊತ್ತು. ಹಾಗಾದರೆ ಗಂಗುಲಮ್ಮ ಅಂದಿದ್ದು ನಿಜ.

ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಬೇಲಿಯ ತುಂಬ ಜೀರುಂಡೆಗಳು ಕಿವಿ ಚಿಟ್ಟು ಹಿಡಿಯುವಂತೆ ಕೂಗುತ್ತಿದ್ದವು. ಕದಿರಿ ಅವನ ಎಡಗಡೆ ಹೋಗಿ ಕೂತಳು.

"ಅಪ್ಪ, ಎಷ್ಟೊಂದು ಜೀರುಂಡೆ ಅಲ್ವಾ?"

ಅಪ್ಪ ತಿರುಗಲಿಲ್ಲ. ಮಬ್ಬಿನಲ್ಲಿ ಕಾರನ್ನೇ ನೋಡುತ್ತಿದ್ದ. ಪಕ್ಕದಲ್ಲೇ ಇದ್ದರೂ ಅವನು ಆಗಲೇ ಎಲ್ಲೋ ಅರ್ಧ ದಾರಿ ಹೋಗಿಬಿಟ್ಟಿದ್ದಾನೆ ಅನ್ನಿಸಿತು. ಕದಿರಿ ಅವನ ಅಂಗಿಯ ತುದಿ ಹಿಡಿದುಕೊಂಡಳು. ಆಗ ತಿರುಗಿ, "ಓ, ನೀನು ಯಾವಾಗ ಬಂದ್ಯಮ್ಮ?" ಅಂದ.

ಶನಿವಾರ ಬೆಳಗಿನ ಸ್ಕೂಲು. ಕದಿರಿ ಮನೆಗೆ ಬಂದಾಗ ಕಾರು ನಿಂತಲ್ಲೇ ಮೆಲ್ಲಗೆ ಓಡುತ್ತಿತ್ತು. ಬಾನೆಟ್ ತೆಗೆದಿತ್ತು. ಅಪ್ಪ ರೇಡಿಯೇಟರಿಗೆ ನೀರು ತರಲು ಹಿತ್ತಲಿಗೆ ಹೋಗಿದ್ದ. ಅಂಗಳದಲ್ಲಿ ಯಾರೂ ಇರಲಿಲ್ಲ. ಆ ಸದ್ದು ಮಾತ್ರ ಇತ್ತು.

ನಾಳೆ ಭಾನುವಾರ. ಅಪ್ಪ ಇದರಲ್ಲೇ ಕೂತು ಹೋಗುತ್ತಾನೆ.

ಕದಿರಿ ಅಡುಗೆ ಮನೆಗೆ ಓಡಿ ಊದುಗೊಳವೆ ತಂದಳು. ಒಲೆ ಊದುವ ಆ ಕಬ್ಬಿಣದ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯಲ್ಲಿ ಪಿಸುಗುಟ್ಟಿದರೆ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಅಂತ ಅವಳಿಗೂ ವೆಂಕಟೇಶನಿಗೂ ಗೊತ್ತಿತ್ತು. ಅಪ್ಪನನ್ನು ಕರೆಯಲು ಬಂದವನು ಈ ಕಾರಿನಲ್ಲಿ ಎಲ್ಲಿ ಕೂತಿದ್ದಾನೆ ಅಂತ ಅವಳು ನೋಡಲೇಬೇಕಿತ್ತು.

ಇಂಜಿನ್ನಿನ ನೆತ್ತಿಯ ಮೇಲೆ ಕೊಳವೆ ಇಟ್ಟಳು. ಟಿಕ್ ಟಿಕ್ ಟಿಕ್. ಹೊಲಿಗೆ ಮಿಷಿನ್ನಿನ ಹಾಗೆ. ಅಲ್ಲಿರಲಿಲ್ಲ.

ಇಂಜಿನ್ನಿನ ಹೊಟ್ಟೆಯ ಹತ್ತಿರ ಇಟ್ಟಳು. ದಬ ದಬ ದಬ. ಒನಕೆ ಕುಟ್ಟಿದ ಹಾಗೆ. ಅಲ್ಲೂ ಇರಲಿಲ್ಲ.

ಮುಂದೆ, ತಿರುಗುತ್ತಿದ್ದ ಫ್ಯಾನಿನ ಹಿಂದೆ, ಒಂದು ತಗಡಿನ ಮುಚ್ಚಳ ಕಾಣಿಸಿತು. ಕದಿರಿ ಪಕ್ಕದಿಂದ ಬಗ್ಗಿ, ಉಸಿರು ಹಿಡಿದು, ಅದರ ಅಂಚಿಗೆ ಕೊಳವೆ ತಾಗಿಸಿದಳು.

ಝಣ ಝಣ ಝಣ ಝಣ!

ಗೊಂಚಲನ್ನು ಅವಳ ಕಿವಿಯೊಳಗೇ ಅಲ್ಲಾಡಿಸಿದ ಹಾಗಾಯಿತು.

ಹಿಂದಿನಿಂದ ಒಂದು ಒದ್ದೆ ಕೈ ಅವಳ ಜಡೆ ಹಿಡಿದು ಎಳೆಯಿತು. ಕದಿರಿ ಕಿಟಾರನೆ ಕಿರುಚಿದಳು.

"ಏನೇ! ಜಡೆ ಫ್ಯಾನಿಗೆ ಸಿಕ್ಕಿದ್ರೆ ತಲೆ ಹೋಗ್ತಿತ್ತಲ್ಲೇ!" ಅಪ್ಪ. ಅವನ ಮುಖ ಬಿಳಿಚಿಕೊಂಡಿತ್ತು. ಓಡಿ ಹೋಗಿ ಇಂಜಿನ್ ನಿಲ್ಲಿಸಿದ.

"ಸದ್ದು ಅಲ್ಲೈತೆ ಅಪ್ಪ," ಕದಿರಿ ಬಿಕ್ಕಿದಳು. "ಫ್ಯಾನ್ ಹಿಂದೆ, ಆ ಮುಚ್ಚಳದೊಳಗೆ. ಬೀಗದ ಕೈ ಸದ್ದು. ಊರಿಗೆಲ್ಲ ಕೇಳ್ಸುತ್ತೆ. ನಿಂಗೊಬ್ಬನಿಗೇ ಕೇಳ್ಸಲ್ಲ. ಯಾರಿಗೆ ಕೇಳ್ಸಲ್ವೋ ಅವರನ್ನ ಅವನು ಕರ್ಕೊಂಡೋಗ್ತಾನಂತೆ. ನೀನು ನಾಳೆ ಹೋಗಬೇಡ ಅಪ್ಪ!"

ಅಪ್ಪ ನೀರಿನ ಬಿಂದಿಗೆಯನ್ನು ನಿಧಾನಕ್ಕೆ ಕೆಳಗಿಟ್ಟ. ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಅಪ್ಪ ಅವಳನ್ನು ನೋಡಿದ. ಅಮ್ಮ ನೆಲ ನೋಡಿದಳು.

"ಟಪ್ಪೆಟ್ ಸರಿ ಮಾಡಿದ್ ಮೇಲೂ ಸದ್ದು ಐತಾ?" ಅಂತ ಅಮ್ಮನನ್ನು ಕೇಳಿದ.

ಅಮ್ಮ ಹೌದೆಂದು ತಲೆಯಾಡಿಸಿದಳು.

ಅಪ್ಪ ಮತ್ತೆ ಹ್ಯಾಂಡಲ್ ತಿರುಗಿಸಿದ. ಕೊಳವೆಯನ್ನು ಮುಚ್ಚಳಕ್ಕೆ ಒತ್ತಿ ಬಲಗಿವಿಗೆ ಇಟ್ಟುಕೊಂಡ. ಹುಬ್ಬು ಗಂಟಾಯಿತು. ಎಡಗಿವಿಗೆ ಇಟ್ಟುಕೊಂಡ. ಇನ್ನೂ ಗಂಟಾಯಿತು. ಆಮೇಲೆ ಕೊಳವೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

ಅವನ ಕಣ್ಣು ಅಗಲವಾಯಿತು.

"ಟೈಮಿಂಗ್ ಚೈನ್," ಅಂದ, ಕೊಳವೆ ತೆಗೆದು. "ಹಲ್ಲಿಗೆ ಗೊತ್ತಾಗ್ತೈತೆ. ನಾನು ಸುಮ್ನೆ ಟಪ್ಪೆಟ್ ಹಿಂದೆ ಬಿದ್ದಿದ್ನಲ್ಲಪ್ಪ."

ಅಮ್ಮ ಕೊಳವೆ ಕಿತ್ತುಕೊಂಡು ಮೂಸಿ ನೋಡಿದಳು. "ಇನ್ಮೇಲೆ ಸಾರಿಗೂ ಇಂಜಿನ್ ಆಯಿಲ್ ಒಗ್ಗರಣೆನಾ?" ಅಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಭಾನುವಾರ ಮಂಚೇನಹಳ್ಳಿಗೆ ಹೋಗಲಿಲ್ಲ. ಅವತ್ತು ಅಪ್ಪ ರೇಡಿಯೇಟರ್ ಇಳಿಸಿದ, ಫ್ಯಾನ್ ಬಿಚ್ಚಿದ, ಕದಿರಿಯ ಮುಷ್ಟಿಯಷ್ಟಿದ್ದ ಒಂದು ನಟ್ಟನ್ನು ಸುತ್ತಿಗೆಯಲ್ಲಿ ಹೊಡೆದು ಹೊಡೆದು ಸಡಿಲ ಮಾಡಿದ. ಕೊನೆಗೆ ಆ ಮುಚ್ಚಳಕ್ಕೆ ಕೈ ಹಾಕಿದಾಗ ಕದಿರಿ ಕಣ್ಣು ಮುಚ್ಚಿಕೊಂಡಳು. ಒಳಗೆ ಬೀಗದ ಕೈ ಗೊಂಚಲು ಇದ್ದರೆ?

"ನೋಡಮ್ಮ."

ಒಂದು ದೊಡ್ಡ ಹಲ್ಲಿನ ಚಕ್ರ, ಕೆಳಗೊಂದು ಸಣ್ಣ ಚಕ್ರ. ಎರಡನ್ನೂ ಸುತ್ತಿಕೊಂಡು ಸೈಕಲ್ಲಿನದರಂಥ ಒಂದು ಚೈನು, ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಅಪ್ಪ ಬೆರಳಲ್ಲಿ ಒತ್ತಿದರೆ ಹಳೇ ಹಗ್ಗದ ಹಾಗೆ ಜೋತುಬಿತ್ತು. ಮುಚ್ಚಳ ತಿರುಗಿಸಿ ತೋರಿಸಿದ. ಒಳಗಡೆ, ಚೈನು ಬಡಿದು ಬಡಿದು ಉಜ್ಜಿದ ಜಾಗದಲ್ಲಿ, ಬೆಳ್ಳಿಯ ಗೆರೆಯೊಂದು ಹೊಳೆಯುತ್ತಿತ್ತು.

ಕದಿರಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಇಷ್ಟೇನಾ?

"ಇಂಜಿನ್ನು ಯಾವಾಗ ಉಸಿರು ಎಳ್ಕೋಬೇಕು, ಯಾವಾಗ ಬಿಡಬೇಕು ಅಂತ ಹೇಳೋದೇ ಈ ಚೈನು. ಇದು ಒಂದು ಹಲ್ಲು ಜಾರಿದ್ರೆ ಇಂಜಿನ್ ದಾರೀಲೇ ನಿಂತೋಗ್ತಿತ್ತು," ಅಂದ ಅಪ್ಪ. ಆಮೇಲೆ ಚಕ್ರವನ್ನೇ ನೋಡುತ್ತಾ ಹೇಳಿದ: "ಹದಿನೆಂಟು ವರ್ಷ ಲಾರಿ ಓಡಿಸಿದ್ನಲ್ಲಮ್ಮ, ಇಂಜಿನ್ನು ಯಾವಾಗ್ಲೂ ಎಡಗಡೆ ಕಿವಿ ಪಕ್ಕದಲ್ಲೇ ಇರ್ತಿತ್ತು. ಆ ಕಿವಿ ಹೋಯ್ತು. ಇನ್ನೊಂದಕ್ಕೂ ಸಣ್ಣ ಸದ್ದು ಸಿಗಲ್ಲ. ಒಂದ್ಸಲ ಹಿಂದಿನ ಬಸ್ಸಿನ ಹಾರ್ನ್ ಕೇಳಿಸ್ಲಿಲ್ಲ. ಅವತ್ತೇ ಲಾರಿ ಬಿಟ್ಟೆ."

"ಬೆನ್ನುನೋವು ಅಂತ ಬಿಟ್ಟಿದ್ದು ಅಂದ್ಳಲ್ಲ ಅಮ್ಮ?"

"ಸದ್ದು ಕೇಳ್ದೇ ಇರೋ ಮೆಕ್ಯಾನಿಕ್ ಹತ್ರ ಯಾರಮ್ಮ ಗಾಡಿ ತರ್ತಾರೆ?"

ಕದಿರಿಗೆ ಮೆಟ್ಟಿಲು, ಜೀರುಂಡೆ, ತಿರುಗದ ಅಪ್ಪನ ಮುಖ, ಎಲ್ಲಾ ನೆನಪಾಯಿತು.

ಹೊಸ ಚೈನು ಬೆಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿಯಿತು. ಎರಡು ಚಕ್ರಗಳ ಮೇಲೂ ಒಂದೊಂದು ಸಣ್ಣ ಚುಕ್ಕಿ ಇತ್ತು. ಚೈನು ಹಾಕುವಾಗ ಆ ಚುಕ್ಕಿಗಳು ಎದುರುಬದುರು ನಿಲ್ಲಬೇಕು. ಕದಿರಿ ನೆಲದ ಮೇಲೆ ಮೊಣಕಾಲೂರಿ, "ಇನ್ನೊಂಚೂರು, ಇನ್ನೊಂಚೂರು, ಸಾಕು!" ಅಂತ ಹೇಳಿದಳು.

ಎಲ್ಲಾ ಜೋಡಿಸಿ ಅಪ್ಪ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಎದ್ದಿತು. ಅಪ್ಪ ಅಂಗೈ ಇಡಲಿಲ್ಲ. ಕದಿರಿಯ ಮುಖ ನೋಡಿದ.

"ಹೇಳಮ್ಮ. ಐತಾ?"

ಕದಿರಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಹೊಲಿಗೆ ಮಿಷಿನ್ನು ಇತ್ತು. ಒನಕೆ ಇತ್ತು. ಮಂಜಿನೊಳಗಿಂದ ನಡೆದು ಬರುತ್ತಿದ್ದವನು ಇರಲಿಲ್ಲ.

"ಇಲ್ಲ ಅಪ್ಪ. ಹೋಯ್ತು."

ಬೇಲಿಯಾಚೆ ವೆಂಕಟೇಶನ ತಲೆ ಮೇಲೆ ಬಂತು. "ಎಲ್ಲೇ ಹೋದ?" ಅಂದ.

"ನಿಮ್ಮನೆ ಕಡೇನೇ ಹೋದ ಕಣೋ," ಅಂದಳು ಕದಿರಿ. ತಲೆ ಪಟ್ಟನೆ ಮಾಯವಾಯಿತು.

ಮುಂದಿನ ಭಾನುವಾರ ಬೆಳಗ್ಗೆ ಅಪ್ಪ ಕಾರನ್ನು ಒರೆಸಿ, ಮುಂದಿನ ಬಾಗಿಲು ತೆಗೆದು ನಿಂತ.

"ಬಾರಮ್ಮ. ಹೇಳಿದ್ನಲ್ಲ, ಮುಂದಿನ ಸೀಟು."

ಕದಿರಿ ನೋಡಿದಳು. ಕೆಂಪು ರೆಕ್ಸಿನ್, ಅಗಲವಾದ ಗಾಜು. ಅಪ್ಪ ಸ್ಟೇರಿಂಗ್ ಹಿಡಿದು ಕೂತರೆ ಆ ಸೀಟು ಅವನ ಎಡಗಡೆಗೆ ಬರುತ್ತದೆ.

ಅವಳು ಆ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಹಿಂದಿನ ಬಾಗಿಲು ತೆಗೆದು ಹತ್ತಿ, ಅಪ್ಪನ ಸೀಟಿನ ಬೆನ್ನಿಗೇ ಸರಿದು, ಅವನ ಬಲ ಭುಜದ ಹತ್ತಿರ ಗದ್ದ ಊರಿ ಕೂತಳು.

"ಯಾಕಮ್ಮ?"

"ಇಲ್ಲೇ ಚೆನ್ನಾಗೈತೆ."

ಅಪ್ಪ ಕನ್ನಡಿಯಲ್ಲಿ ಅವಳನ್ನು ಒಂದು ಗಳಿಗೆ ನೋಡಿದ. ಗೇರ್ ಹಾಕಿದ.

ಊರು ದಾಟಿತು. ಬೆಟ್ಟದ ನೆತ್ತಿ ಮಂಜಿನ ಮೇಲೆ ತೇಲುತ್ತಿತ್ತು, ಬುಡ ಕಾಣುತ್ತಲೇ ಇರಲಿಲ್ಲ. ರಸ್ತೆಯ ಎರಡೂ ಕಡೆ ಮರಗಳು ಮಂಜಿನಿಂದ ಒಂದೊಂದಾಗಿ ಬಂದು ಒಂದೊಂದಾಗಿ ಮಂಜಿಗೇ ಹೋಗುತ್ತಿದ್ದವು. ಹಿಂದೆ, ತುಂಬ ದೂರದಲ್ಲಿ, ಸಣ್ಣಗೆ ಏನೋ ಕೂಗಿತು. ಇನ್ನೊಂದು ಸಲ ಕೂಗಿತು. ಅಪ್ಪ ರಸ್ತೆಯ ನಡುವೆಯೇ ಹೋಗುತ್ತಿದ್ದ.

ಕದಿರಿ ಅವನ ಬಲಗಿವಿಗೆ ಬಾಯಿ ತಂದಳು.

"ಅಪ್ಪ, ಹಿಂದೆ ಬಸ್ಸು."

ಅಪ್ಪ ಕಾರನ್ನು ಎಡಕ್ಕೆ ತೆಗೆದುಕೊಂಡ. ಬಸ್ಸು ಧೂಳೆಬ್ಬಿಸಿಕೊಂಡು ಮುಂದೆ ಹೋಗಿ ಮಂಜಿನಲ್ಲಿ ಕರಗಿತು.

ಮಂಚೇನಹಳ್ಳಿ ಇನ್ನೂ ದೂರವಿತ್ತು. ಕದಿರಿ ಹಿಂದಿನ ಗಾಜಿನ ಕಡೆಗೆ ಒಂದು ಕಿವಿ ಇಟ್ಟುಕೊಂಡು ಕೂತಳು.