ನಿವಾಳಿಸಿದ ಸಿವುಡು

"ಈ ಪದ ತಪ್ಪು" ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದೆ.

ಎದುರಿಗೆ ಕೂತಿದ್ದ ಪ್ರಭುದಾಸ ಮೇಷ್ಟ್ರು ಬಗ್ಗಿ ನೋಡಿದರು. ಸ್ವಲ್ಪ ಹೆಚ್ಚೇ ಬಗ್ಗಿದರು. ಪ್ರೂಫನ್ನು ನನ್ನ ಕಡೆ ಎಳೆದುಕೊಂಡೆ.

೧೯೭೯. ತುಮಕೂರಿನ ಖುರ್ಷಿದ್ ಪಾಷಾ ಅವರ ಪ್ರೆಸ್ಸಿನಲ್ಲಿ ನಾನು ಪ್ರೂಫ್ ತಿದ್ದುತ್ತಿದ್ದೆ. ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡುವ ಮೇಷ್ಟ್ರ ಪುಸ್ತಕ, ಯೆಹೂದ್ಯರ ಹಳೆಯ ಹಬ್ಬಗಳಲ್ಲಿ ಕ್ರಿಸ್ತನ ಗುರುತು ಹುಡುಕುವಂಥದ್ದು. ಪಸ್ಕ ಹಬ್ಬದ ಕುರಿಮರಿಯಲ್ಲಿ ಶಿಲುಬೆ, ಪ್ರಥಮಫಲದ ಹಬ್ಬದಲ್ಲಿ ಪುನರುತ್ಥಾನ. ಎರಡು ವರ್ಷದ ಹಿಂದೆ ಗುಬ್ಬಿಯಲ್ಲಿ ನನ್ನ ಗಂಡನನ್ನು ಮಣ್ಣು ಮಾಡಿದಾಗಲೂ ಇದೇ ಮೇಷ್ಟ್ರು ಇದೇ ಪಾಠ ಹೇಳಿದ್ದರು. ಕ್ರಿಸ್ತ ಸುಗ್ಗಿಯಲ್ಲಿ ಮೊದಲು ಕೊಯ್ದು ಕಟ್ಟಿದ ತೆನೆಯ ಸಿವುಡು, ತೀರಿಕೊಂಡವರು ಹಿಂದೆ ಬರುವ ಪೈರು. ಜನ ಆಮೆನ್ ಅಂದರು. ನನಗೆ ಆಗ ಇಪ್ಪತ್ತಾರು. ನಾನು ಅನ್ನಲಿಲ್ಲ. ಮೇಷ್ಟ್ರನ್ನು ಕ್ಷಮಿಸಲೂ ಇಲ್ಲ.

ಅಂಥವರು ಹೋದ ವಾರ ಸಭೆಯ ಹಿರಿಯರ ಮೂಲಕ ನನ್ನನ್ನು ಮದುವೆಗೆ ಕೇಳಿದ್ದರು. ಇವತ್ತು ಪ್ರೂಫಿನ ನೆಪದಲ್ಲಿ ಉತ್ತರಕ್ಕೆ ಬಂದಿದ್ದರು.

"ಯಾವ ಪದ?"

"ನಿವಾಳಿಸು. ಯಾಜಕ ಸಿವುಡನ್ನ ದೇವರ ಮುಂದೆ ನಿವಾಳಿಸ್ತಾನೆ ಅಂತ ಬರೆದಿದೀರಲ್ಲ."

"ಅದು ಶಾಸ್ತ್ರದಲ್ಲೇ ಇರೋ ಪದ ಕಣ್ರೀ ದಯಾವತಿ."

"ಇರ್ಲಿ. ನಮ್ಮ ಜನ ಉಪ್ಪು ಮೆಣಸಿನಕಾಯಿ ನಿವಾಳಿಸಿ ಏನ್ಮಾಡ್ತಾರೆ? ಮೂರು ದಾರಿ ಕೂಡೋ ಕಡೆ ಬಿಸಾಕ್ತಾರೆ. ನಿಮ್ಮ ಸಿವುಡನ್ನೂ ಬಿಸಾಕಿದ್ರಾ?"

"ಇಲ್ಲ, ಅದು..."

"ನನ್ನ ಗಂಡ ಪೈರಲ್ಲ ಮೇಷ್ಟ್ರೇ. ಹುರುಳಿ ಸಾರಿಗೆ ಉಪ್ಪು ಸಾಲ್ದು ಅಂತ ದಿನಾ ರಾಗ ಎಳೀತಿದ್ದ ಮನುಷ್ಯ."

ಅವರ ಕಿವಿ ಕೆಂಪಾಯಿತು. ನನಗೆ ಹಿತವಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು. ಆ ಕಣ್ಣುಗಳು ಅಷ್ಟು ಎಳೆಯವೆಂದು ಗೊತ್ತಿರಲಿಲ್ಲ. ಗೊತ್ತಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪಾಷಾ ತಲೆ ಎತ್ತಿದರು. "ಏನಮ್ಮಾ, ಒಂದು ಪದಕ್ಕೆ ಅರ್ಧ ಗಂಟೆ ಕಚ್ಚಾಟ! ನಿಕಾಹ್ ಆಗಿ ಮೂವತ್ತು ವರ್ಷ ಆದ್ರೂ ನಮ್ಮನೇಲಿ ಇಷ್ಟಿಲ್ಲ."

"ನೀವು ಸುಮ್ನಿರಿ ಸಾಬ್ರೇ" ಎಂದು ಇಬ್ಬರೂ ಒಟ್ಟಿಗೇ ಅಂದೆವು. ಪಾಷಾ ನಕ್ಕರು. ನಾವು ನಗಲಿಲ್ಲ.

"ಹೋದ ತಿಂಗಳು ಕುಣಿಗಲ್‌ನಲ್ಲಿ ನಾದಿನಿ ಮದುವೆ" ಎಂದೆ. "ಮದುಮಗಳು ಚರ್ಚಿಗೆ ಹೊರಡೋವಾಗ ವಿಧವೆ ಎದುರು ಬರ್ಬಾರ್ದು ಅಂತ ಅತ್ತೆ ನನ್ನ ಅಡುಗೆಮನೆಗೆ ತಳ್ಳಿ ಬಾಗ್ಲು ಹಾಕಿದ್ರು. ಸ್ತೋತ್ರ ಸ್ತೋತ್ರ ಅಂತಾನೇ ಹಾಕಿದ್ರು. ನಿವಾಳಿಸಿ ಬಿಸಾಕಿರೋದು ನನ್ನನ್ನ. ಅಂಥೋಳು ನಿಮಗ್ಯಾಕೆ ಬೇಕು? ಪುಣ್ಯ ಬರುತ್ತೆ ಅಂತಾನಾ?"

ಮೇಷ್ಟ್ರು ಪ್ರೂಫನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಮಾತಾಡಿದ್ದು ಪ್ರಸಂಗದ ದನಿಯಲ್ಲಲ್ಲ.

"ಆ ಹಬ್ಬದಲ್ಲಿ ನಿವಾಳಿಸಿದ್ದನ್ನ ಬಿಸಾಕಲ್ಲ. ಅದು ಯಾಜಕನ ಮನೆಗೆ ಹೋಗುತ್ತೆ. ಮನೆಯೋರೆಲ್ಲಾ ಕೂತು ಊಟ ಮಾಡ್ತಾರೆ. ಅದನ್ನೇ ಬರೆಯೋಕೆ ಮರ್ತಿದೀನಿ."

ನಾನು ಪೆನ್ನು ಕೆಳಗಿಟ್ಟೆ.

"ಗುಬ್ಬೀಲಿ ನಾನು ಹೇಳಿದ್ದು ಸುಳ್ಳಲ್ಲ. ಅವತ್ತು ಹೇಳ್ಬಾರ್ದಿತ್ತು. ನೀವು ಅಳ್ತಾನೂ ಇರ್ಲಿಲ್ಲ. ಭಯ ಆಯ್ತು. ಪಾಠ ಒಪ್ಪಿಸಿಬಿಟ್ಟೆ." ಕನ್ನಡಕ ಹಾಕಿಕೊಂಡರು. "ಪುಣ್ಯಕ್ಕಲ್ಲ ದಯಾವತಿ. ಮಾರ್ಜಿನ್‌ನಲ್ಲಿ ನಿಮ್ಮ ಅಕ್ಷರ ನೋಡ್ಬೇಕು ಅಂತ ಬೇಕಂತಲೇ ತಪ್ಪು ಬರೀತಿದ್ದೆ."

"ಒಂಬತ್ತನೇ ಪುಟದಲ್ಲಿ ಹನ್ನೊಂದು ತಪ್ಪು. ಎಲ್ಲಾ ಬೇಕಂತಲೇನಾ?"

"ನಾಲ್ಕು" ಎಂದರು, ತಲೆ ತಗ್ಗಿಸಿ.

ಎರಡು ವರ್ಷದಿಂದ ಮರಗಟ್ಟಿದ್ದ ಎದೆಯಲ್ಲಿ ಏನೋ ನೋಯತೊಡಗಿತು. ಆ ನೋವಿಗೂ ಅವರ ಮೇಲೇ ಸಿಟ್ಟು ಬಂತು.

"ಭಾನುವಾರ ಆರಾಧನೆ ಆದ್ಮೇಲೆ ಶೆಟ್ಟಿಹಳ್ಳಿಗೆ, ನಮ್ಮನೆಗೆ ಬನ್ನಿ. ಅಪ್ಪ ಮನೇಲಿರ್ತಾರೆ."

"ಅಂದ್ರೆ..."

"ಪುಸ್ತಕ ತರ್ಬೇಡಿ."

"ಬರಿಗೈಲಿ ಹೆಂಗ್ರೀ ಬರೋದು?"

"ಹಸ್ಕೊಂಡು ಬನ್ನಿ" ಎಂದೆ, ಸಿಟ್ಟಿನಲ್ಲೇ.